ಜೋಳದ ಮಿಡತೆಯ ಬೆನ್ನುಹತ್ತಿದ ಕೋಲ್ಮನ್



ಅಕ್ಟೋಬರ್ ತಿಂಗಳಲ್ಲಿ ಘಾಟಿ ಸುಬ್ರಹ್ಮಣ್ಯದ ಸುತ್ತಮುತ್ತಲಿನ ರಾಗಿ ಹೊಲಗಳ ಬದುವಿನ ಮೇಲೆ ನಡೆದು ನೋಡಿ. ಹೆಜ್ಜೆ ಹೆಜ್ಜೆಗೂ ನಾಲ್ಕಾರು ಮಿಡತೆಗಳು ಚಂಗನೆ ನೆಗೆಯುತ್ತವೆ. ಕೆಲವು ಹಸಿರು, ಕೆಲವು ಒಣಹುಲ್ಲಿನ ಬಣ್ಣ. ಎಕ್ಕದ ಗಿಡದ ಮೇಲೆ ಕುಳಿತವಂತೂ ಹಳದಿ, ನೀಲಿ ಬಣ್ಣ ಬಳಿದುಕೊಂಡ ಹಾಗಿರುತ್ತವೆ. ನಮ್ಮ ಕಡೆ ರಾಗಿಯ ನಡುವೆ ಅಕ್ಕಡಿ ಸಾಲು ಹಾಕುತ್ತಾರಲ್ಲವೇ? ಆ ಸಾಲಿನ ಜೋಳದ ಎಲೆಯ ಅಂಚನ್ನು ಗಮನಿಸಿ. ಯಾರೋ ಕತ್ತರಿಯಿಂದ ಕತ್ತರಿಸಿದಂತೆ ಕಾಣುತ್ತದೆ. ಮಿಡತೆಯ ದವಡೆಯೇ ಆ ಕತ್ತರಿ.

ಒಮ್ಮೆ ಏಳನೇ ತರಗತಿಯ ಮಕ್ಕಳ ಜೊತೆ ಹೀಗೇ ಹೊಲ ಸುತ್ತುತ್ತಿದ್ದೆ. ಒಬ್ಬ ಹುಡುಗ ಹಿಡಿದು ತಂದ ಮಿಡತೆಯನ್ನು ತೋರಿಸುತ್ತಾ, ಇಂತಹ ಹುಳವನ್ನು ಅಧ್ಯಯನ ಮಾಡಲೆಂದೇ ಕೆನಡಾ ದೇಶದಿಂದ ನಮ್ಮ ನಾಡಿಗೆ ಬಂದು, ಸುಮಾರು 25 ವರ್ಷ ದುಡಿದ ವಿಜ್ಞಾನಿಯೊಬ್ಬರಿದ್ದರು ಎಂದು ಹೇಳಿದೆ. ದಾವಣಗೆರೆ ಕಡೆಯಿಂದ ಅಪ್ಪ ಅಮ್ಮನ ಜೊತೆ ಕೆಲಸಕ್ಕೆಂದು ಬಂದು ಇಲ್ಲಿಯ ಶಾಲೆಗೆ ಸೇರಿದ್ದ ಹುಡುಗಿಯೊಬ್ಬಳು ತಟ್ಟನೆ ಕೇಳಿದ್ದು ಮಿಡತೆಯ ಬಗ್ಗೆ ಅಲ್ಲ. ಅಷ್ಟು ವರ್ಷ ಅವರಿಗೆ ಮನೆಯ ನೆನಪು ಬರಲಿಲ್ಲವೇ ಎಂದು ಕೇಳಿದಳು. ಊರಲ್ಲಿ ಅಜ್ಜಿಯನ್ನು ಬಿಟ್ಟು ಬಂದಿದ್ದ ಹುಡುಗಿ ಅವಳು. ಅವಳ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಲೇಖನ ಬರೆಯುತ್ತಿದ್ದೇನೆ.

ಆ ವಿಜ್ಞಾನಿಯ ಹೆಸರು ಲೆಸ್ಲಿ ಚಾರ್ಲ್ಸ್ ಕೋಲ್ಮನ್. ಅವರು ಹುಟ್ಟಿದ್ದು 1878ರ ಜೂನ್ 16ರಂದು, ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ. ಭೂಪಟದಲ್ಲಿ ಈ ಪ್ರಾಂತ್ಯವನ್ನು ಹುಡುಕಿ. ದೊಡ್ಡ ದೊಡ್ಡ ಸರೋವರಗಳ ಪಕ್ಕದಲ್ಲಿದೆ. ಚಳಿಗಾಲದಲ್ಲಿ ಅಲ್ಲಿ ನೀರು ಗಟ್ಟಿಯಾಗಿ ಮಂಜುಗಡ್ಡೆಯಾಗುತ್ತದೆ, ಹೊಲಗದ್ದೆಗಳ ಮೇಲೆ ಹಿಮ ಮುಚ್ಚುತ್ತದೆ. ಕೋಲ್ಮನ್ ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಓದಿ 1904ರಲ್ಲಿ ಚಿನ್ನದ ಪದಕದೊಂದಿಗೆ ಪದವಿ ಪಡೆದರು. ಅನಂತರ ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಮಣ್ಣಿನಲ್ಲಿ ಸಾರಜನಕವನ್ನು ಗಿಡಗಳಿಗೆ ಒದಗುವಂತೆ ಮಾರ್ಪಡಿಸುವ ಬ್ಯಾಕ್ಟೀರಿಯಾಗಳ ಮೇಲೆ ಸಂಶೋಧನೆ ಮಾಡಿ ಡಾಕ್ಟರೇಟ್ ಗಳಿಸಿದರು.

ಆ ಹೊತ್ತಿಗೆ ನಮ್ಮ ಮೈಸೂರು ಸಂಸ್ಥಾನಕ್ಕೆ ಬೆಳೆಗಳ ರೋಗ ಮತ್ತು ಕೀಟಗಳನ್ನು ಬಲ್ಲ ಒಬ್ಬ ವಿಜ್ಞಾನಿ ಬೇಕಾಗಿತ್ತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು. ಬೆಂಗಳೂರಿನ ಹೆಬ್ಬಾಳದಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1899ರಲ್ಲಿ ಕೊಟ್ಟಿದ್ದ 30 ಎಕರೆ ಜಮೀನಿನಲ್ಲಿ ಕೃಷಿ ಪ್ರಯೋಗಗಳು ಶುರುವಾಗಿದ್ದವು. 1908ರಲ್ಲಿ ಕೋಲ್ಮನ್ ಸಂಸ್ಥಾನದ ಶಿಲೀಂಧ್ರ ತಜ್ಞರೂ ಕೀಟ ತಜ್ಞರೂ ಆಗಿ ಬಂದು ಸೇರಿದರು. ಎರಡು ಹುದ್ದೆ, ಒಬ್ಬರೇ ವ್ಯಕ್ತಿ. ಅವರಿಗೆ ಆಗ 30 ವರ್ಷ.

ಘಾಟಿಯಿಂದ ದೊಡ್ಡಬಳ್ಳಾಪುರ, ಯಲಹಂಕ ದಾಟಿ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ಹೆಬ್ಬಾಳ ಸಿಗುತ್ತದೆ. ನಮಗೆ ಅದು ಒಂದೆರಡು ಗಂಟೆಯ ಹಾದಿ. ಕೋಲ್ಮನ್ ಅವರ ಊರಿನಿಂದ ಅದೇ ಹೆಬ್ಬಾಳಕ್ಕೆ ಸುಮಾರು 13,000 ಕಿಲೋಮೀಟರ್. ಆಗ ವಿಮಾನ ಪ್ರಯಾಣ ಇರಲಿಲ್ಲ. ಅಟ್ಲಾಂಟಿಕ್ ಸಾಗರ ದಾಟಿ ಯುರೋಪ್, ಅಲ್ಲಿಂದ ಸೂಯೆಜ್ ಕಾಲುವೆಯ ಮೂಲಕ ಮುಂಬಯಿ, ಆಮೇಲೆ ರೈಲು. ಕಾಗದಗಳೂ ಇದೇ ರೀತಿ ಹಡಗು ಹತ್ತಿ ವಾರಗಟ್ಟಲೆ ಪ್ರಯಾಣ ಮಾಡಬೇಕಿತ್ತು. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಎಂಬ ಕಾಗದ ಇಲ್ಲಿಗೆ ಬರುವಷ್ಟರಲ್ಲಿ ಅಲ್ಲಿ ಏನು ಬೇಕಾದರೂ ಆಗಿರಬಹುದು. ಇವರು ಬರೆದ ಉತ್ತರಕ್ಕೆ ಮತ್ತೆ ಅಷ್ಟೇ ದಿನ. ನಮ್ಮ ಹುಡುಗಿಗೆ ನಾನು ಮೊದಲು ಹೇಳಿದ್ದು ಈ ಲೆಕ್ಕವನ್ನೇ. ಅವಳು ಅಜ್ಜಿಯ ಜೊತೆ ಪ್ರತಿ ಭಾನುವಾರ ಮೊಬೈಲ್‌ನಲ್ಲಿ ಮಾತಾಡುತ್ತಾಳೆ.

ರೆಕ್ಕೆಯಿಲ್ಲದ ಶತ್ರು

ಈಗ ಮಿಡತೆಗೆ ಬರೋಣ. ಆಗಿನ ಮೈಸೂರು ಸಂಸ್ಥಾನದ ಉತ್ತರ ಭಾಗ, ಅಂದರೆ ಚಿತ್ರದುರ್ಗದ ಸೀಮೆ, ಜೋಳ ಬೆಳೆಯುವ ನಾಡು. ಅದರಾಚೆಗಿನ ಬಳ್ಳಾರಿ ಆಗ ಮದರಾಸು ಪ್ರಾಂತ್ಯದಲ್ಲಿತ್ತು, ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು. ಈ ಇಡೀ ಬಯಲಿನಲ್ಲಿ ಜೋಳದ ರೊಟ್ಟಿಯೇ ಊಟ, ಜೋಳದ ಸೊಪ್ಪೆಯೇ ದನಗಳ ಮೇವು. ಈ ಬೆಳೆಯ ಮೇಲೆ ಒಂದು ಮಿಡತೆ ಬೀಳುತ್ತಿತ್ತು. ಮೊದಲು ಎಲೆ ತಿನ್ನುವುದು, ತೆನೆ ಬಂದ ಮೇಲೆ ಹಾಲುಗಾಳನ್ನೂ ತಿನ್ನುವುದು. ಹೊಲ ಹೋದರೆ ಮನೆಯವರ ಊಟವೂ ಹೋಯಿತು, ದನಗಳ ಮೇವೂ ಹೋಯಿತು.

ಕೀಟನಾಶಕ ತಂದು ಹೊಡೆದರಾಯಿತು ಎಂದು ನಿಮಗನ್ನಿಸಬಹುದು. ಆದರೆ ಇಂದು ಅಂಗಡಿಗಳಲ್ಲಿ ಸಿಗುವಂತಹ ಕೀಟನಾಶಕಗಳು ಆಗ ಹುಟ್ಟಿರಲೇ ಇಲ್ಲ. ಡಿ.ಡಿ.ಟಿ. ಕೀಟಗಳನ್ನು ಕೊಲ್ಲುತ್ತದೆ ಎಂದು ಗೊತ್ತಾದದ್ದು 1939ರಲ್ಲಿ. ಹಾಗಾಗಿ ಹುಳವನ್ನು ಗೆಲ್ಲಬೇಕಾದರೆ ಅದರ ಬದುಕನ್ನು ಪೂರ್ತಿ ತಿಳಿದುಕೊಳ್ಳಬೇಕಿತ್ತು. ಅದು ಎಲ್ಲಿ ಹುಟ್ಟುತ್ತದೆ? ಯಾವಾಗ? ಎಷ್ಟು ದಿನ ಬದುಕುತ್ತದೆ? ಮೊಟ್ಟೆ ಎಲ್ಲಿಡುತ್ತದೆ? ಬೆಳೆ ಇಲ್ಲದ ಬೇಸಿಗೆಯಲ್ಲಿ ಎಲ್ಲಿರುತ್ತದೆ? ಈ ಪ್ರಶ್ನೆಗಳಿಗೆ ಪುಸ್ತಕದಲ್ಲಿ ಉತ್ತರವಿಲ್ಲದಿದ್ದರೆ ಹೊಲದಲ್ಲೇ ಹುಡುಕಬೇಕು.

ಹಾಗೆ ಹುಡುಕಿದಾಗ ಸಿಕ್ಕ ಕಥೆ ಇದು. ಜೂನ್ ತಿಂಗಳ ಮಳೆ ಬಿದ್ದು ನೆಲ ನೆನೆದಾಗ ಮಣ್ಣಿನೊಳಗಿನ ಮೊಟ್ಟೆಗಳಿಂದ ಮರಿಗಳು ಹೊರಬರುತ್ತವೆ. ಚಿಟ್ಟೆಯ ಹಾಗೆ ಮಿಡತೆಗೆ ಕಂಬಳಿಹುಳುವಿನ ಹಂತ, ಕೋಶದ ಹಂತ ಇಲ್ಲ. ಮರಿಯೂ ಮಿಡತೆಯ ಆಕಾರದಲ್ಲೇ ಇರುತ್ತದೆ. ತಿಂದು, ಪೊರೆ ಕಳಚಿ, ದೊಡ್ಡದಾಗಿ, ಮತ್ತೆ ಪೊರೆ ಕಳಚಿ ಬೆಳೆಯುತ್ತದೆ. ಜೋಳ ಮೊಳಕಾಲೆತ್ತರ ಆಗುವಾಗ ಅದೂ ಚಿಕ್ಕದು, ಜೋಳ ತೆನೆ ಬಿಡುವ ಹೊತ್ತಿಗೆ ಅದೂ ದೊಡ್ಡದು. ಅಕ್ಟೋಬರ್, ನವೆಂಬರ್ ಹೊತ್ತಿಗೆ ಹೆಣ್ಣು ಮಿಡತೆ ಹೊಟ್ಟೆಯ ತುದಿಯನ್ನು ನೆಲದೊಳಕ್ಕೆ ಚುಚ್ಚಿ ಮೊಟ್ಟೆಗಳ ಗೊಂಚಲನ್ನು ಇಡುತ್ತದೆ. ಆಮೇಲೆ ದೊಡ್ಡ ಮಿಡತೆಗಳೆಲ್ಲ ಸತ್ತುಹೋಗುತ್ತವೆ. ಘಾಟಿಯಲ್ಲಿ ದನಗಳ ಜಾತ್ರೆ ಕಟ್ಟುತ್ತದಲ್ಲ, ಡಿಸೆಂಬರ್ ಜನವರಿಯಲ್ಲಿ, ಆ ಹೊತ್ತಿಗೆ ಜೋಳದ ಸೀಮೆಯ ಹೊಲಗಳಲ್ಲಿ ಈ ಮಿಡತೆ ಹುಡುಕಿದರೂ ಕಾಣುವುದಿಲ್ಲ. ಪೀಡೆ ತೊಲಗಿತು ಎಂದು ರೈತ ನಿಟ್ಟುಸಿರು ಬಿಡಬಹುದು. ಆದರೆ ಅವನು ನಿಂತ ನೆಲದಡಿಯಲ್ಲೇ ಮುಂದಿನ ವರ್ಷದ ಮಿಡತೆಗಳು ಏಳು ತಿಂಗಳ ನಿದ್ದೆಯಲ್ಲಿರುತ್ತವೆ. ವರ್ಷಕ್ಕೆ ಒಂದೇ ಪೀಳಿಗೆ.

ಇನ್ನೊಂದು ವಿಶೇಷ. ಈ ಮಿಡತೆಗೆ ಹಾರುವ ರೆಕ್ಕೆಗಳೇ ಇಲ್ಲ. ಪೂರ್ತಿ ಬೆಳೆದರೂ ಇಲ್ಲ. ಕುಪ್ಪಳಿಸಬಲ್ಲದು, ನಡೆಯಬಲ್ಲದು, ಅಷ್ಟೇ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಹಾರಲಾರದ ಮಿಡತೆ ಎಂದರೆ ಅದು ದೂರದೇಶದಿಂದ ಬಂದದ್ದಲ್ಲ. ಈ ವರ್ಷ ಹೊಲ ತಿಂದದ್ದು ಕಳೆದ ವರ್ಷ ಇದೇ ಹೊಲದಲ್ಲೋ, ಪಕ್ಕದ ಹೊಲದಲ್ಲೋ ಇಟ್ಟ ಮೊಟ್ಟೆಯಿಂದ ಬಂದದ್ದು. ಹಾಗಾದರೆ ಅದನ್ನು ಹಿಡಿಯಲು ಎರಡು ಒಳ್ಳೆಯ ಸಮಯಗಳಿವೆ. ಒಂದು, ಬೆಳೆ ಕೊಯ್ದ ಮೇಲೆ ಆಳವಾಗಿ ಉಳುಮೆ ಮಾಡಿದರೆ ಮೊಟ್ಟೆಗಳು ಮೇಲೆ ಬಂದು ಬಿಸಿಲಿಗೆ ಒಣಗುತ್ತವೆ, ಹಕ್ಕಿಗಳು ಹೆಕ್ಕಿ ತಿನ್ನುತ್ತವೆ. ಎರಡು, ಮಳೆಗಾಲದ ಮೊದಲಲ್ಲಿ ಮರಿಗಳು ಚಿಕ್ಕವಿದ್ದಾಗ, ಬಾಯಿ ಅಗಲವಾದ ಬಟ್ಟೆಯ ಚೀಲಬಲೆಯನ್ನು ಬೆಳೆಯ ಮೇಲೆ ಎಳೆದುಕೊಂಡು ಹೋದರೆ ರಾಶಿ ರಾಶಿ ಮರಿಗಳು ಅದರೊಳಗೆ ಬೀಳುತ್ತವೆ. ಇದಕ್ಕೆ ಬೇಕಾದದ್ದು ಬಟ್ಟೆ, ಬೊಂಬು ಮತ್ತು ಜನ. ಆದರೆ ಒಬ್ಬ ರೈತ ಮಾತ್ರ ಮಾಡಿದರೆ ಸಾಲದು. ಪಕ್ಕದವನ ಹೊಲದಿಂದ ಮಿಡತೆಗಳು ಕುಪ್ಪಳಿಸಿಕೊಂಡು ಬಂದುಬಿಡುತ್ತವೆ. ಊರೆಲ್ಲ ಸೇರಿ ಒಟ್ಟಿಗೆ ಮಾಡಬೇಕು. ವಿಜ್ಞಾನದ ಕಷ್ಟಕ್ಕಿಂತ ಈ ಕಷ್ಟ ದೊಡ್ಡದು ಎಂದು ನನಗನ್ನಿಸುತ್ತದೆ. ಎಂದಾದರೂ ನಿಮ್ಮ ಊರಿನ ಕೆರೆ ಹೂಳೆತ್ತಲು ಎಲ್ಲರನ್ನೂ ಒಂದೇ ದಿನ ಸೇರಿಸಲು ನೋಡಿದ್ದರೆ ನಿಮಗೂ ಗೊತ್ತಿರುತ್ತದೆ.

1911ರಲ್ಲಿ ಕೋಲ್ಮನ್ ಈ ಮಿಡತೆಯ ಮೇಲೆ ಒಂದು ಪುಸ್ತಿಕೆಯನ್ನೇ ಪ್ರಕಟಿಸಿದರು. ಅದಕ್ಕೆ ಒಂದು ವರ್ಷ ಮೊದಲು, 1910ರಲ್ಲಿ, ಸ್ಪೇನ್ ದೇಶದ ಕೀಟಶಾಸ್ತ್ರಜ್ಞ ಇಗ್ನಾಸಿಯೊ ಬೊಲಿವಾರ್ ಈ ಮಿಡತೆಗೆ ವೈಜ್ಞಾನಿಕ ಹೆಸರು ಇಟ್ಟಿದ್ದರು: ಕೋಲ್ಮೇನಿಯ ಸ್ಫೆನರಿಯಾಯ್ಡಿಸ್. ಹೆಸರಿನ ಮೊದಲ ಪದ ನಮ್ಮ ಕೋಲ್ಮನ್ ಅವರದ್ದೇ. ಹುಳು ಜೋಳದ ಸೀಮೆಯದ್ದು, ಹೆಸರು ಕೆನಡಾದವರದ್ದು, ಹೆಸರಿಟ್ಟವರು ಸ್ಪೇನಿನವರು!

ಈ ಕೆಲಸವನ್ನು ಕೋಲ್ಮನ್ ಒಬ್ಬರೇ ಮಾಡಲಿಲ್ಲ. ಅವರ ಜೊತೆ ಸಹಾಯಕ ಕೀಟತಜ್ಞರಾಗಿ ಕೆ. ಕುಂಞಿಕಣ್ಣನ್ ಎಂಬ ಕೇರಳದ ಯುವಕರಿದ್ದರು. ಭತ್ತದ ಗದ್ದೆಗಳನ್ನು ಹಾಳುಮಾಡುವ ಇನ್ನೊಂದು ಬಗೆಯ ಮಿಡತೆಯ ಮೇಲೆ ಇಬ್ಬರೂ ಸೇರಿ ಬರೆದ ಪುಸ್ತಿಕೆಯೂ 1911ರದ್ದೇ. ಕುಂಞಿಕಣ್ಣನ್ ಮುಂದೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದು ಬಂದು ಮೈಸೂರು ಸಂಸ್ಥಾನದ ಕೀಟತಜ್ಞರಾದರು. ಒಬ್ಬರು ಪಶ್ಚಿಮದಿಂದ ಇಲ್ಲಿಗೆ, ಇನ್ನೊಬ್ಬರು ಇಲ್ಲಿಂದ ಪಶ್ಚಿಮಕ್ಕೆ ಸಾಗರ ದಾಟಿದರು.

ಮಿಡತೆ ಬೇರೆ, ಲೋಕಸ್ಟ್ ಬೇರೆಯೇ?

2020ರ ಮೇ ತಿಂಗಳಲ್ಲಿ ಮರುಭೂಮಿ ಮಿಡತೆಗಳ ದಂಡು ರಾಜಸ್ಥಾನ, ಮಧ್ಯಪ್ರದೇಶ, ಮಹಾರಾಷ್ಟ್ರಗಳಿಗೆ ನುಗ್ಗಿದ್ದನ್ನು ನಿಮ್ಮ ಮನೆಯ ದೊಡ್ಡವರು ಟಿ.ವಿ.ಯಲ್ಲಿ ನೋಡಿರುತ್ತಾರೆ. ಆಗ ಕೋಲಾರದ ಕಡೆ ಎಕ್ಕದ ಗಿಡಗಳ ಮೇಲೆ ಗುಂಪಾಗಿ ಕುಳಿತ ಮಿಡತೆಗಳನ್ನು ಕಂಡು ಜನ ಗಾಬರಿಯಾದರು. ಪರೀಕ್ಷಿಸಿದಾಗ ಅವು ನಮ್ಮ ಮಾಮೂಲಿ ಎಕ್ಕದ ಮಿಡತೆಗಳು ಎಂದು ತಿಳಿಯಿತು. ಕೋಲ್ಮನ್ ಅಧ್ಯಯನ ಮಾಡಿದ ಜೋಳದ ಮಿಡತೆ ಈ ಎಕ್ಕದ ಮಿಡತೆಯ ಕುಟುಂಬಕ್ಕೇ ಸೇರಿದ್ದು.

ಲೋಕಸ್ಟ್ ಎಂದು ಕರೆಯುವ ದಂಡುಮಿಡತೆಯೂ ಮಿಡತೆಯೇ. ಒಂಟಿಯಾಗಿದ್ದಾಗ ಸಾಧುವಾಗಿರುತ್ತದೆ. ಒಳ್ಳೆಯ ಮಳೆಯಾಗಿ ಸಂಖ್ಯೆ ಹೆಚ್ಚಿ ಒಂದಕ್ಕೊಂದು ಮೈ ತಾಗುವಷ್ಟು ಒತ್ತಾದಾಗ ಅದರ ಬಣ್ಣ, ನಡವಳಿಕೆ ಎಲ್ಲ ಬದಲಾಗಿ ದಂಡು ಕಟ್ಟಿಕೊಂಡು ಹಾರುತ್ತದೆ. ಒಂದು ದಿನಕ್ಕೆ 150 ಕಿಲೋಮೀಟರ್‌ವರೆಗೂ ಹೋಗಬಲ್ಲದು. ಒಂಟಿ ಮಿಡತೆ, ದಂಡುಮಿಡತೆ ಎರಡೂ ಒಂದೇ ಜಾತಿಯ ಎರಡು ರೂಪಗಳು ಎಂಬ ವಿಚಾರವನ್ನು 1921ರಲ್ಲಿ ಮುಂದಿಟ್ಟವರು ಬೋರಿಸ್ ಉವಾರೊವ್. ಇಂದಿನ ಕಜಕಸ್ತಾನದಲ್ಲಿರುವ ಊರಿನಲ್ಲಿ ಹುಟ್ಟಿದ ಅವರೂ ತಾಯ್ನಾಡು ಬಿಟ್ಟು ಲಂಡನ್ನಿನಲ್ಲಿ ಕುಳಿತು ಜೀವನವಿಡೀ ಮಿಡತೆಗಳನ್ನೇ ಅಧ್ಯಯನ ಮಾಡಿದರು. ಮಿಡತೆಗಳು ದೇಶದ ಗಡಿ ನೋಡುವುದಿಲ್ಲ. ಅವನ್ನು ಅಧ್ಯಯನ ಮಾಡುವವರಿಗೂ ಹಾಗೆ ಕುಳಿತಲ್ಲೇ ಕುಳಿತಿರಲು ಆಗದೇನೋ!

ಮಳೆಯಲ್ಲಿ ತೊಳೆದುಹೋಗದ ಔಷಧಿ

ಕೋಲ್ಮನ್ ಹೆಸರು ಹೇಳಿದರೆ ಮಲೆನಾಡಿನವರು ಮಿಡತೆಯ ಮಾತೆತ್ತುವುದಿಲ್ಲ, ಅಡಿಕೆಯ ಮಾತೆತ್ತುತ್ತಾರೆ. ಮಳೆಗಾಲದಲ್ಲಿ ಎಳೆಯ ಅಡಿಕೆ ಕೊಳೆತು ಉದುರುವ ರೋಗಕ್ಕೆ ಕೊಳೆರೋಗ ಎಂದು ಹೆಸರು. ಅದನ್ನು ತಡೆಯಲು ರೈತರು ಮರ ಹತ್ತಿ ಒಂದೊಂದು ಗೊನೆಗೂ ಕೊಟ್ಟೆ ಕಟ್ಟುತ್ತಿದ್ದರು. ಕೊಟ್ಟೆ ಎಂದರೆ ಗೊನೆಗೆ ಹೊದಿಸುವ ಕೊಡೆ ಇದ್ದ ಹಾಗೆ. ಗೊನೆ ಒಣಗಿದ್ದರೆ ರೋಗ ಕಡಿಮೆ ಎಂಬುದನ್ನು ರೈತರು ತಾವೇ ಕಂಡುಕೊಂಡಿದ್ದರು, ನೋಡಿ! ಏಕೆ ಎಂಬುದು ಸೂಕ್ಷ್ಮದರ್ಶಕದಲ್ಲಿ ಕಂಡಿತು. ಫೈಟಾಫ್ತೊರ ಎಂಬ ಸೂಕ್ಷ್ಮಜೀವಿ ನೀರಿನ ಹನಿಯಲ್ಲಿ ಈಜಿಕೊಂಡು ಕಾಯಿಗೆ ತಗಲುತ್ತದೆ. ಆಗ ಅದನ್ನು ಶಿಲೀಂಧ್ರ ಎಂದೇ ತಿಳಿದಿದ್ದರು. ಇಂದು ವಿಜ್ಞಾನಿಗಳು ಅದನ್ನು ಶಿಲೀಂಧ್ರದಂತೆ ಕಾಣುವ ಬೇರೊಂದು ಗುಂಪಿಗೆ ಸೇರಿಸಿದ್ದಾರೆ.

ಫ್ರಾನ್ಸಿನ ಬೋರ್ಡೊ ಎಂಬಲ್ಲಿ ದ್ರಾಕ್ಷಿಯ ರೋಗಕ್ಕೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ನೀರನ್ನು ಸಿಂಪಡಿಸುತ್ತಿದ್ದರು. ಅದೇ ಬೋರ್ಡೊ ದ್ರಾವಣ. ಅದನ್ನು ಅಡಿಕೆಗೂ ಹೊಡೆಯಬಹುದು, ಸರಿ. ಆದರೆ ದ್ರಾಕ್ಷಿ ತೋಟದ ಮಳೆ ಬೇರೆ, ತೀರ್ಥಹಳ್ಳಿ, ಕೊಪ್ಪದ ಮಳೆ ಬೇರೆ. ಹಗಲೂ ರಾತ್ರಿ ಸುರಿಯುವ ಮಳೆಗೆ ಔಷಧಿ ತೊಳೆದುಹೋಗುತ್ತದೆ. ಕೋಲ್ಮನ್ ಅದಕ್ಕೆ ರಾಳ ಮತ್ತು ಬಟ್ಟೆ ಒಗೆಯುವ ಸೋಡಾ ಸೇರಿಸಿ ಕಾಯಿಗೆ ಅಂಟಿಕೊಳ್ಳುವ ಹಾಗೆ ಮಾಡಿದರು. 1910ರಲ್ಲಿ ಈ ಕುರಿತ ಪುಸ್ತಿಕೆ ಹೊರಬಂತು. ಇಂದಿಗೂ ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಕೊನೆಗಾರರು ಅಡಿಕೆ ಮರ ಹತ್ತಿ ಹೊಡೆಯುವ ನೀಲಿ ಬಣ್ಣದ ದ್ರಾವಣ ಅದೇ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ.

1913ರಲ್ಲಿ ಮೈಸೂರು ಸಂಸ್ಥಾನದಲ್ಲಿ ಕೃಷಿ ಇಲಾಖೆ ಆರಂಭವಾದಾಗ ಕೋಲ್ಮನ್ ಅದರ ಮೊದಲ ನಿರ್ದೇಶಕರಾದರು. ಆಗ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾಯಿತು. ಆ ಬೇರಿನಿಂದಲೇ ಮುಂದೆ 1946ರಲ್ಲಿ ಕೃಷಿ ಕಾಲೇಜು, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಬೆಳೆದವು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ಕನ್ನಂಬಾಡಿ ಅಣೆಕಟ್ಟಿನ ನೀರು ಮಂಡ್ಯದ ಒಣ ಹೊಲಗಳಿಗೆ ಹರಿದಾಗ ಅಲ್ಲಿ ಕಬ್ಬು ಬೆಳೆಸಿ, 1933ರಲ್ಲಿ ಸಕ್ಕರೆ ಕಾರ್ಖಾನೆ ಬರುವುದಕ್ಕೂ ಅವರೇ ಬಹಳ ಶ್ರಮಿಸಿದರು. ಇಷ್ಟೆಲ್ಲ ಹೇಳಿದ ಮೇಲೂ ನನಗೆ ಇಷ್ಟವಾಗುವವರು ನಿರ್ದೇಶಕ ಕೋಲ್ಮನ್ ಅಲ್ಲ. ಜೋಳದ ಹೊಲದಲ್ಲಿ ಮೊಟ್ಟೆ ಹುಡುಕಿದ ಕೋಲ್ಮನ್.

ಇದರ ನಡುವೆ 1914ರಿಂದ 1918ರವರೆಗೆ ಮೊದಲನೇ ಮಹಾಯುದ್ಧ ನಡೆಯಿತು. ಅವರ ತಾಯ್ನಾಡು ಕೆನಡಾ ಒಂದು ಪಕ್ಷದಲ್ಲಿ, ಅವರು ಓದಿದ ಜರ್ಮನಿ ಎದುರು ಪಕ್ಷದಲ್ಲಿ. ಅಟ್ಲಾಂಟಿಕ್ ಸಾಗರದಲ್ಲಿ ಜಲಾಂತರ್ಗಾಮಿಗಳು ಹಡಗುಗಳನ್ನು ಮುಳುಗಿಸುತ್ತಿದ್ದವು. ಹಡಗು ಮುಳುಗಿದರೆ ಜನರ ಜೊತೆ ಅಂಚೆಯ ಚೀಲಗಳೂ ಮುಳುಗುತ್ತಿದ್ದವು. ಆ ನಾಲ್ಕು ವರ್ಷಗಳಲ್ಲಿ ಮನೆಯಿಂದ ಕಾಗದ ಬರುವುದು ತಡವಾದಾಗಲೆಲ್ಲ, ದೂರದಲ್ಲಿದ್ದವರ ಎದೆ ಹೇಗೆ ಹೊಡೆದುಕೊಂಡಿರಬೇಕು ಊಹಿಸಿಕೊಳ್ಳಿ. ಆದರೂ ಜೂನ್ ಬಂದರೆ ಮಳೆ, ಮಳೆ ಬಂದರೆ ಮೊಟ್ಟೆಯೊಡೆದು ಮಿಡತೆ. ಮಿಡತೆಯ ಕ್ಯಾಲೆಂಡರ್‌ನಲ್ಲಿ ಯುದ್ಧಕ್ಕೆ ರಜೆ ಇರಲಿಲ್ಲ.

ನಡುವೆ ಕೆಲಕಾಲ ಬಿಟ್ಟರೆ 1934ರವರೆಗೂ ಕೋಲ್ಮನ್ ಇಲ್ಲೇ ದುಡಿದರು. ಬಂದಾಗ 30ರ ಯುವಕ, ಹಿಂದಿರುಗಿ ಹೋಗುವಾಗ 56 ವರ್ಷ. ನಮ್ಮ ಹುಡುಗಿ ಬೆರಳೆಣಿಸಿ ಲೆಕ್ಕ ಹಾಕಿದಳು. ಅವಳ ವಯಸ್ಸಿನ ಎರಡರಷ್ಟಕ್ಕಿಂತಲೂ ಹೆಚ್ಚು. ಅವಳು ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕೆನಡಾಕ್ಕೆ ಮರಳಿದ ಮೇಲೆ ಕೋಲ್ಮನ್ ಸುಮ್ಮನೆ ಕುಳಿತುಕೊಳ್ಳಲಿಲ್ಲ. ತಾವು ಓದಿದ ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕುಳಿತರು. ಜೀವಕೋಶದೊಳಗಿನ ವರ್ಣತಂತುಗಳನ್ನು ಅಧ್ಯಯನ ಮಾಡತೊಡಗಿದರು. ತಂದೆತಾಯಿಯ ಗುಣಗಳನ್ನು ಮಕ್ಕಳಿಗೆ ಸಾಗಿಸುವ ದಾರದಂತಹ ಭಾಗಗಳೇ ವರ್ಣತಂತುಗಳು. ಅವರು 1943ರಲ್ಲಿ ಪ್ರಕಟಿಸಿದ ಒಂದು ಸಂಶೋಧನಾ ಲೇಖನ ಯಾವ ಜೀವಿಯ ವರ್ಣತಂತುಗಳ ಬಗ್ಗೆ ಎಂದು ಊಹಿಸಬಲ್ಲಿರಾ? ಮಿಡತೆಗಳ ಬಗ್ಗೆ! ಜೋಳದ ಹೊಲದಲ್ಲಿ ಹೊರಗಿನಿಂದ ನೋಡಿದ್ದನ್ನು 65ನೇ ವಯಸ್ಸಿನಲ್ಲಿ ಅದರ ಜೀವಕೋಶದೊಳಕ್ಕೆ ಇಣುಕಿ ನೋಡುತ್ತಿದ್ದರು. 1954ರ ಸೆಪ್ಟೆಂಬರ್ 14ರಂದು ಅವರು ಕೆನಡಾದಲ್ಲಿ ತೀರಿಕೊಂಡರು.

ಹುಡುಕಿ ನೋಡಿ

ನಿಮ್ಮ ನೆಂಟರು ಯಾರಾದರೂ ಚಿತ್ರದುರ್ಗ, ದಾವಣಗೆರೆ, ಬಳ್ಳಾರಿ, ಧಾರವಾಡದ ಕಡೆ ಇದ್ದಾರೆಯೇ? ದೀಪಾವಳಿ ರಜೆಗೆ ಹೋದಾಗ ಜೋಳದ ಹೊಲದಲ್ಲಿ ಕೋಲ್ಮೇನಿಯವನ್ನು ಹುಡುಕಿ. ಎಚ್ಚರಿಕೆ ಒಂದೇ. ಎಲ್ಲ ಮಿಡತೆಗಳ ಮರಿಗಳಿಗೂ ರೆಕ್ಕೆ ಪೂರ್ತಿ ಬಂದಿರುವುದಿಲ್ಲ. ಹಾಗಾಗಿ ಜುಲೈ ತಿಂಗಳಲ್ಲಿ ರೆಕ್ಕೆಯಿಲ್ಲದ್ದು ಕಂಡರೆ ಮೋಸ ಹೋಗಬಹುದು. ಅಕ್ಟೋಬರ್ ಕೊನೆಯಲ್ಲಿ, ಪೂರ್ತಿ ದೊಡ್ಡದಾಗಿದ್ದೂ ಬೆನ್ನ ಮೇಲೆ ಹಾರುವ ರೆಕ್ಕೆ ಇಲ್ಲದ ಮಿಡತೆ ಜೋಳದ ಮೇಲೆ ಸಿಕ್ಕರೆ ಅದು ಕೋಲ್ಮೇನಿಯ ಆಗಿರುವ ಸಾಧ್ಯತೆ ಹೆಚ್ಚು. ಕೊಲ್ಲಬೇಡಿ. ತಾರೀಖು, ಊರು, ಯಾವ ಬೆಳೆ, ಎಲೆ ತಿನ್ನುತ್ತಿತ್ತೋ ತೆನೆ ತಿನ್ನುತ್ತಿತ್ತೋ, ಎಷ್ಟು ಇದ್ದವು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಒಂದು ಚಿತ್ರ ಬಿಡಿಸಿ, ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ. ದಾವಣಗೆರೆಯ ಹುಡುಗಿ ಈ ಸಲ ಅಜ್ಜಿಯ ಊರಿಗೆ ಹೋಗುವಾಗ ಒಂದು ಖಾಲಿ ನೋಟ್‌ಬುಕ್ ತೆಗೆದುಕೊಂಡು ಹೋಗಿದ್ದಾಳೆ.